ಬೋಣಿಯ ಮೊಟ್ಟೆ

ಮೊಟ್ಟೆ ಮಾರುವ ನ್ಯಾನ್ ಬೇಡ ಎನ್ನುವಷ್ಟರಲ್ಲಿ ಹುಡುಗಿ ಅವಳ ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಬೆನ್ನಿಗೆ ಅವಳ ಅರ್ಧದಷ್ಟಿದ್ದ ಚೀಲ, ಎದೆಗೆ ಅವಚಿಕೊಂಡ ಇನ್ನೊಂದು. ಜೊತೆಗಿದ್ದ ಎತ್ತರದ ಗೆಳತಿ ಕೂರದೆ, ತಲೆಯ ಮೇಲಿನ ಕರೆಂಟ್ ತಂತಿಗಳ ಗೋಜಲನ್ನು ನೋಡುತ್ತ ನಿಂತಳು. ಇಬ್ಬರೂ ಹೊರದೇಶದವರು, ಹನೋಯ್‌ಗೆ ಈಗಷ್ಟೇ ಬಂದಿಳಿದವರು ಎಂದು ನ್ಯಾನ್‌ಗೆ ಗೊತ್ತಾಯಿತು. ಮೊದಲ ದಿನದವರೆಲ್ಲ ಹೀಗೇ, ಊರು ಕಚ್ಚುತ್ತದೆಯೇನೋ ಎಂಬಂತೆ ಚೀಲ ಹಿಡಿದಿರುತ್ತಾರೆ.

ಬೇರೆ ದಿನವಾಗಿದ್ದರೆ ನ್ಯಾನ್ ನಕ್ಕು ಶುಂಠಿ ಹೆಚ್ಚುತ್ತಿದ್ದಳು. ಆದರೆ ಇವತ್ತು ಮಗಳು ಮಿಯೆನ್ ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಮಗು ಅಡ್ಡ ತಿರುಗಿದೆ, ಆಪರೇಷನ್ ಮಾಡಬೇಕಂತೆ ಎಂದು ಬೆಳಗಿನ ಜಾವ ಅಳಿಯ ಫೋನ್ ಮಾಡಿದ್ದ. ಜೊತೆಗೆ ಒಬ್ಬರನ್ನೇ ಬಿಡುವುದು, ತನ್ನ ತಾಯಿ ಇದ್ದಾಳೆ ಎಂದಿದ್ದ. ಮನೆಯಲ್ಲಿ ಕೂರಲಾರದೆ ನ್ಯಾನ್ ಎಂದಿನಂತೆ ಬಾತುಮೊಟ್ಟೆಯ ಪಾತ್ರೆ ಹೊತ್ತು ಬೀದಿಯ ಮೂಲೆಗೆ ಹೊರಟಿದ್ದಳು. ಇವತ್ತಿನ ಬೋಣಿ ಹೇಗೋ ಮಗಳ ಹೆರಿಗೆಯೂ ಹಾಗೇ ಎಂದು ದಾರಿಯಲ್ಲಿ ಮನಸ್ಸಿಗೆ ಬಂದದ್ದು ಮತ್ತೆ ಹೋಗಲೇ ಇಲ್ಲ. ಅದಕ್ಕೇ ಟೈಲರ್ ಹ್ವೆಯ ಬಾಗಿಲು ತಟ್ಟಿ, ಆರು ಗಂಟೆಗೆ ಬಂದು ಮೊದಲ ಮೊಟ್ಟೆ ನೀನೇ ತಿನ್ನಬೇಕು ಎಂದು ಕೇಳಿಕೊಂಡಿದ್ದಳು. ಹ್ವೆ ನಾಲ್ಕು ಮಕ್ಕಳನ್ನು ಸಲೀಸಾಗಿ ಹೆತ್ತವಳು. ಅವಳ ಕಾಲ್ಗುಣ ಇಡೀ ಓಣಿಗೆ ಗೊತ್ತು.

ಆರಾಗಲು ಇನ್ನೂ ಹತ್ತು ನಿಮಿಷವಿತ್ತು.

ನ್ಯಾನ್ ಕೈಯಾಡಿಸಿ ಇಲ್ಲ ಎಂದಳು. ಹುಡುಗಿಗೆ ಅದು ಅರ್ಥವಾಗಲಿಲ್ಲ. ನಗಲು ನೋಡಿ, ತಾನೇ ಪಾತ್ರೆಯಿಂದ ಒಂದು ಮೊಟ್ಟೆ ಎತ್ತಿಕೊಂಡಳು. ಮಾಮೂಲಿ ಬೇಯಿಸಿದ ಮೊಟ್ಟೆಯೆಂದು ಸುಲಿಯತೊಡಗಿದಳು. ಒಳಗೆ ಕಣ್ಣು, ಕೊಕ್ಕು, ಒದ್ದೆ ಪುಕ್ಕ. ಇಲ್ಲಿಯವರು ಮರಿ ಮೂಡಿದ ಮೊಟ್ಟೆಯನ್ನೇ ಬೇಯಿಸಿ ತಿನ್ನುವುದು ಅವಳಿಗೇನು ಗೊತ್ತು. ಕಿರುಚಿ ಕೈಬಿಟ್ಟಳು. ಎಳೆಯ ಬಾತುಮರಿ ಫುಟ್‌ಪಾತಿನ ಮೇಲೆ ಬಿದ್ದು ಹರಡಿಕೊಂಡಿತು.

ನ್ಯಾನ್‌ಗೆ ತನ್ನ ಹೊಟ್ಟೆಯಿಂದಲೇ ಏನೋ ಜಾರಿದಂತಾಯಿತು.

"ಕಾಗದ ಸುಡೇ, ಬೇಗ ಸುಡು," ಎಂದಳು ಪಕ್ಕದಲ್ಲಿ ಚಹಾ ಮಾರುವ ಸೂ ಅಜ್ಜಿ. "ಇವತ್ತೇ ಆಗ್ಬೇಕಿತ್ತಾ ಇದು?"

ನ್ಯಾನ್ ಹಳೆಯ ಪೇಪರ್ ಸುರುಳಿ ಸುತ್ತಿ ಒಲೆಗೆ ಹಿಡಿದಳು. ಬಂದ ಪೀಡೆ ಬಂದ ದಾರಿಗೇ ಹೋಗಲಿ ಎಂದು ಗೊಣಗುತ್ತ, ಉರಿಯನ್ನು ಪಾತ್ರೆಗೆ ನಿವಾಳಿಸಿದಳು, ಸ್ಟೂಲಿಗೆ ನಿವಾಳಿಸಿದಳು. ಉರಿ ಕಾಲ ಹತ್ತಿರ ಬಂದಾಗ ಹುಡುಗಿ ಎದ್ದು ಓಡಿದಳು, ಗೆಳತಿಯೂ ಓಡಿದಳು.

ಗೆಳತಿ ಹೇಗೋ ಆಚೆ ದಾಟಿಬಿಟ್ಟಳು. ಹುಡುಗಿ ನಡುರಸ್ತೆಯಲ್ಲಿ ನಿಂತುಬಿಟ್ಟಳು. ಈ ಊರಿನ ರಸ್ತೆಯಲ್ಲಿ ನಿಲ್ಲಬಾರದು. ನಿಧಾನಕ್ಕೆ ನಡೆಯುತ್ತಿದ್ದರೆ ಸ್ಕೂಟರುಗಳೇ ಬಳಸಿಕೊಂಡು ಹೋಗುತ್ತವೆ. ಒಂದು ಸ್ಕೂಟರ್ ಅವಳ ಚೀಲವನ್ನು ಸವರಿಕೊಂಡು ಹೋಯಿತು. ಹಿಂದೆಯೇ ಕಿಟಕಿ ಗಾಜು ಹೇರಿಕೊಂಡಿದ್ದ ಇನ್ನೊಂದು ಕೂಗಿಕೊಂಡು ಬಂತು. ಅವಳು ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದಳು.

ಹೋಗಲಿ, ದೂರ ಹೋಗಲಿ ಎಂದುಕೊಂಡಳು ನ್ಯಾನ್. ಕಾಗದ ಬೆರಳಿನವರೆಗೂ ಉರಿದು ಬಂದಿತ್ತು. ನಿನ್ನೆ ಆಸ್ಪತ್ರೆಯ ಬಾಗಿಲಲ್ಲಿ ಮಿಯೆನ್ ಒಮ್ಮೆ ತಿರುಗಿ ನೋಡಿದ್ದಳು.

ಕಾಗದ ಬಿಸಾಡಿ ನ್ಯಾನ್ ರಸ್ತೆಗಿಳಿದಳು. ಹುಡುಗಿಯ ಮಣಿಕಟ್ಟು ಹಿಡಿದು ಎಬ್ಬಿಸಿ, ಎಂದಿನ ನಡಿಗೆಯಲ್ಲೇ ಕರೆತಂದು, ಅದೇ ಕೆಂಪು ಸ್ಟೂಲಿನ ಮೇಲೆ ಕೂರಿಸಿದಳು.

"ಓಡ್ಸಿದ್ ಪೀಡೇನ ಕೈ ಹಿಡ್ಕೊಂಡ್ ಬಂದ್ಯಲ್ಲೇ," ಎಂದಳು ಸೂ ಅಜ್ಜಿ. "ನಿಂಗೇನ್ ತಲೆ ಕೆಟ್ಟಿದ್ಯಾ?"

"ಯಾರ ಮಗಳೋ ಏನೋ ಅಜ್ಜಿ. ನೋಡು, ಹೆಂಗ್ ನಡುಗ್ತಿದಾಳೆ."

"ಹ್ವೆ ಬಂದ್ ಕೇಳಿದ್ರೆ ನಾನಂತೂ ಏನೂ ನೋಡಿಲ್ಲ." ಹಾಗೆನ್ನುತ್ತಲೇ ಅಜ್ಜಿ ಒಂದು ಲೋಟ ಚಹಾ ಬಗ್ಗಿಸಿ ಹುಡುಗಿಯ ಕೈಗೆ ಕೊಟ್ಟಳು.

ಗೆಳತಿ ಆಚೆಯಿಂದ ಕೈ ಬೀಸುತ್ತಿದ್ದಳು. ದಾಟುವ ಧೈರ್ಯ ಅವಳಿಗಿನ್ನು ಇರಲಿಲ್ಲ.

ನ್ಯಾನ್ ಇನ್ನೊಂದು ಮೊಟ್ಟೆಯ ತುದಿ ಒಡೆದಳು. ಒಳಗಿನ ಬಿಸಿ ರಸವನ್ನು ಮೊದಲು ಹೀರಬೇಕೆಂದು ಸನ್ನೆ ಮಾಡಿ ತೋರಿಸಿದಳು. ಉಳಿದದ್ದನ್ನು ಬಟ್ಟಲಿಗೆ ಹಾಕಿ, ಮರಿಯ ಮುಖ ಕಾಣದಂತೆ ಶುಂಠಿ, ಸೊಪ್ಪು ಹರಡಿದಳು. ಎರಡು ಎಲೆ ಬಟ್ಟಲಿನಾಚೆ ಉದುರಿದವು. ಹುಡುಗಿ ಅವಳ ಕೈಯನ್ನು ನೋಡಿದಳು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ ಮೊದಲ ಚಮಚ ನುಂಗಿದಳು. ಎರಡನೆಯದಕ್ಕೆ ಕಣ್ಣು ಮುಚ್ಚಲಿಲ್ಲ. ಬಟ್ಟಲು ಖಾಲಿಯಾಗುವವರೆಗೂ ನ್ಯಾನ್ ಉಸಿರು ಬಿಡಲಿಲ್ಲ.

ಪಾತ್ರೆಯ ಮುಚ್ಚಳದ ಮೇಲಿಟ್ಟಿದ್ದ ಫೋನು ಗುಡುಗುಡು ಅದುರತೊಡಗಿತು. ನ್ಯಾನ್ ಕೈ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು.

"ಎತ್ತೇ," ಎಂದಳು ಸೂ ಅಜ್ಜಿ, ಮೆಲ್ಲಗೆ.

"ಅತ್ತೇ, ಇಲ್ಲಿ, ಇಲ್ಲಿ ಕೇಳಿ..." ಅಳಿಯನ ದನಿ ಬಸ್ಸಿನ ಹಾರ್ನಿನಲ್ಲಿ ಕೊಚ್ಚಿಹೋಯಿತು. ನ್ಯಾನ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಬರೀ ಸ್ಕೂಟರುಗಳೇ ಕೇಳುತ್ತಿದ್ದವು. ಅವಳ ಮುಖವನ್ನೇ ನೋಡುತ್ತಿದ್ದ ಹುಡುಗಿ ಬಟ್ಟಲು ಕೆಳಗಿಟ್ಟು, ಮುಂದೆ ಬಾಗಿ, ಅವಳ ಇನ್ನೊಂದು ಕಿವಿಯನ್ನು ತನ್ನ ಅಂಗೈಯಿಂದ ಮುಚ್ಚಿದಳು. ಅಂಗೈ ಚಹಾದ ಲೋಟದಿಂದ ಇನ್ನೂ ಬೆಚ್ಚಗಿತ್ತು.

ರಸ್ತೆ ಅರ್ಧಕ್ಕರ್ಧ ಸುಮ್ಮನಾಯಿತು. ಫೋನಿನಾಚೆ, ತೆಳ್ಳಗೆ, ಸಿಟ್ಟಿನಿಂದ, ಎಳೆಯ ದನಿಯೊಂದು ಅಳುತ್ತಿತ್ತು.