ಗೊಂಬೆ ಕಾಗದ

ಕುಕ್ಕರ್ ತರಲು ಹೋದ ನಾದಿನಿ ಹಡಗು ತಂದಳು ಎಂಬ ಮಾತು ಆ ಮನೆಯಲ್ಲಿ ಇನ್ನು ಹತ್ತು ವರ್ಷವಾದರೂ ಸವೆಯುವಂಥದ್ದಲ್ಲ. ಪಾತ್ರೆ ಅಂಗಡಿಯವನು ಕುಕ್ಕರಿನ ಜೊತೆ ಕೊಟ್ಟ ಬಹುಮಾನದ ಚೀಟಿಯ ಮೇಲೆ ಹೆಸರು ಬರೆದು ಡಬ್ಬಿಗೆ ಹಾಕಿ ಅವಳು ಮರೆತೇಬಿಟ್ಟಿದ್ದಳು. ತಿಂಗಳ ಮೇಲೆ ಫೋನ್ ಬಂತು. ಇಬ್ಬರಿಗೆ ನಾಲ್ಕು ದಿನ ಹಡಗಿನ ಪ್ರವಾಸ, ಊಟ ವಸತಿ ಎಲ್ಲ ಸೇರಿ, ಮೇಲೆ ತಲೆಗೊಂದು ಗಂಟೆ ಸ್ಪಾ. ಗಂಡನನ್ನು ಕರೆದಳು. "ನನಗೆ ಬಕೆಟ್ ನೀರು ಸಾಕು, ಸಮುದ್ರ ನೀನೇ ಇಟ್ಕೋ" ಎಂದ ಅವನು. ಅಣ್ಣನಿಗೆ ಕಾವಲುಗಾರನ ಕೆಲಸ, ರಜೆಯ ಮಾತೇ ಇಲ್ಲ. ಕೊನೆಗೆ ಹಡಗು ಅತ್ತಿಗೆಯ ಪಾಲಿಗೆ ಬಂತು.

ಈ ಅತ್ತಿಗೆಯನ್ನು ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ತೋಳಕ್ಕ ಅನ್ನುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಅವಳದು ಒಂದೇ ಕೆಲಸ, ಅಂಗಿಗೆ ತೋಳು ಜೋಡಿಸುವುದು. ಕಾಲರ್ ಇನ್ನೊಬ್ಬಳದು, ಗುಂಡಿ ಮತ್ತೊಬ್ಬಳದು. ನಲವತ್ತು ಹೆಂಗಸರ ಸಾಲಿನಲ್ಲಿ ತೋಳು ಮಾತ್ರ ಇವಳದು. ಮೊಣಕೈ ಎತ್ತಿ ಬಟ್ಟೆಯನ್ನು ಸೂಜಿಯ ಸುತ್ತ ತಿರುಗಿಸಬೇಕು, ಎತ್ತಿದ ಮೊಣಕೈ ಊಟದ ಗಂಟೆಯವರೆಗೆ ಇಳಿಯಬಾರದು. ಹಾಗೆ ಎತ್ತಿ ಎತ್ತಿ, ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ, ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಏಳಲೊಲ್ಲದು. ಜಡೆ ಹಾಕಿಕೊಳ್ಳಲಾಗದೆ ಅವಳು ಕೂದಲನ್ನೇ ಕತ್ತರಿಸಿಕೊಂಡಳು. ಕೇಳಿದವರಿಗೆ "ಸೆಕೆ ಕಣ್ರೇ" ಎಂದಳು. ವಯಸ್ಸಾದ ಮೇಲೆ ಶೋಕಿ ಬಂತು ನೋಡು ಎಂದು ನಾದಿನಿ ನಕ್ಕಿದ್ದಳು.

ಇಷ್ಟು ವರ್ಷ ಹೇಗೋ ನಡೆದಿತ್ತು. ಈ ಸೋಮವಾರ ನಡೆಯುವಂತಿರಲಿಲ್ಲ. ವರ್ಷಕ್ಕೊಮ್ಮೆ ಕಾರ್ಖಾನೆಗೆ ಬರುವ ಡಾಕ್ಟರು ಈ ಸಲ ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿ ಎರಡೂ ಕೈ ಮೇಲೆತ್ತಿಸಿ ನೋಡುತ್ತಾರಂತೆ. ಏಳದವರು ಮೆಷಿನ್ ಬಿಟ್ಟು ದಾರ ಕತ್ತರಿಸುವ ಮೇಜಿಗೆ ಹೋಗಬೇಕು. ಆ ಮೇಜಿಗೆ ಹೋದವರು ಆರು ತಿಂಗಳಿಗಿಂತ ಹೆಚ್ಚು ಕೆಲಸದಲ್ಲಿ ಉಳಿದದ್ದನ್ನು ಯಾರೂ ಕಂಡಿಲ್ಲ. ತೋಳಕ್ಕನ ಪಿಂಚಣಿಗೆ ಇನ್ನು ಎರಡು ವರ್ಷ ಬಾಕಿ.

"ಒಂದು ಗಂಟೆ ಸರಿಯಾಗಿ ಶಾಖ ಕೊಟ್ಟು ತಿಕ್ಕಿಸಿದ್ರೆ ಎಂಥ ಕೈಯಾದ್ರೂ ಏಳುತ್ತೆ ತೋಳಕ್ಕ" ಎಂದಿದ್ದಳು ಪಕ್ಕದ ಮೆಷಿನ್ನಿನ ಕಾಲರಿನವಳು. ಆ ಒಂದು ಗಂಟೆಗಾಗಿ ತೋಳಕ್ಕ ಹಡಗು ಹತ್ತಿದ್ದಳು. ಸಮುದ್ರ ನೋಡಲಿಕ್ಕಲ್ಲ.

ಇಂದು ಶನಿವಾರ. ನಾಳೆ ಬೆಳಗ್ಗೆ ಹಡಗು ದಡ ಸೇರುತ್ತದೆ. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಸ್ಪಾದ ಮೆತ್ತನೆಯ ಸೋಫಾದ ತುದಿಯಲ್ಲಿ, ಬಸ್ಸಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟವರಂತೆ, ಕೂತಿದ್ದರು. ನಾದಿನಿ ಕನ್ನಡಕ ಏರಿಸಿ ಪಟ್ಟಿ ಓದತೊಡಗಿದಳು.

"ಉಪ್ಪು ಉಜ್ಜುವುದು. ಎಣ್ಣೆ ಸವರುವುದು. ಆವಿಯಲ್ಲಿ ಇಪ್ಪತ್ತು ನಿಮಿಷ. ಅತ್ತಿಗೆ, ಇದು ಸ್ಪಾನೋ ಅಡುಗೆಮನೆನೋ? ಕೊನೇಲಿ ತಟ್ಟೆಗೆ ಹಾಕಿಬಿಡ್ತಾರೇನೋ."

"ಮೆಲ್ಲಗೆ ಮಾತಾಡೇ."

"ಸಮುದ್ರದ ಪಾಚಿ ಲೇಪ, ಮುಖಕ್ಕೆ. ಪಾಚಿಗೆ ಹಡಗು ಯಾಕೆ? ನಮ್ಮ ತಾರಸಿ ಟ್ಯಾಂಕ್ ಎರಡು ತಿಂಗಳು ತೊಳೀದೆ ಬಿಟ್ರೆ ಇಡೀ ಬೀದಿಗೆ ಹಚ್ಚಬಹುದು." ಹಾಳೆ ತಿರುವಿದಳು. "ನನಗೆ ಪಾದದ್ದೇ ಸಾಕಪ್ಪ. ನಿಮಗೆ?"

ತೋಳಕ್ಕನ ಕಣ್ಣು ಆಗಲೇ ಒಂದು ಸಾಲಿನ ಮೇಲೆ ನಿಂತಿತ್ತು. ಬಿಸಿ ಕಲ್ಲಿನ ಮಸಾಜ್, ಕುತ್ತಿಗೆ ಮತ್ತು ಭುಜ. ಇದೇ ಎಂದು ಬೆರಳಿಡುವಷ್ಟರಲ್ಲಿ ಕೌಂಟರಿನವಳು ನಗುತ್ತ ಬಂದು ಇಬ್ಬರ ಕೈಗೂ ಒಂದೊಂದು ಕಾಗದ, ಪೆನ್ನು ಕೊಟ್ಟಳು.

"ಮೊದಲ ಸಲ ಅಲ್ವಾ ಮೇಡಂ? ಇದೊಂದು ತುಂಬಿಕೊಡಿ. ನೋವಿರೋ ಕಡೆ ಗುರುತು ಮಾಡಿ ಸಾಕು. ಅದನ್ನ ನೋಡಿ ನಿಮಗೆ ಯಾವುದು ಸರಿ ಅಂತ ನಾವೇ ಹೇಳ್ತೀವಿ."

ತೋಳಕ್ಕ ಕಾಗದ ನೋಡಿದಳು.

ಅದೇ ಗೊಂಬೆ ಚಿತ್ರ. ಮುಖವಿಲ್ಲ, ಬಟ್ಟೆಯಿಲ್ಲ. ಎದೆಯ ಕಡೆಯದೊಂದು, ಬೆನ್ನಿನ ಕಡೆಯದೊಂದು. ಕಾರ್ಖಾನೆಯ ಡಾಕ್ಟರು ವರ್ಷಾ ವರ್ಷಾ ಹಂಚುವ ಗೊಂಬೆಯೇ ನೀರಿನ ಮೇಲೆ ಇಷ್ಟು ದೂರ ಹಿಂಬಾಲಿಸಿ ಬಂದು ತೊಡೆಯ ಮೇಲೆ ಕೂತಿತ್ತು. ತೋಳಕ್ಕ ಕೆಲಸಕ್ಕೆ ಸೇರಿದ ಮೊದಲ ವರ್ಷ ಹಿರಿಯ ಹೆಂಗಸೊಬ್ಬಳು ಪ್ರಾಮಾಣಿಕವಾಗಿ ಸೊಂಟಕ್ಕೊಂದು ಗೀಟು ಎಳೆದಳು. ಮುಂದಿನ ತಿಂಗಳು ಅವಳ ಮೆಷಿನ್ ಮೇಲೆ ಬೇರೆಯವಳ ಊಟದ ಡಬ್ಬಿ ಇತ್ತು. ಅಂದಿನಿಂದ ಆ ಸಾಲಿಗೆ ಹೊಸದಾಗಿ ಬಂದವರಿಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಮುಂಚೆ ಕಲಿಸುವ ಪಾಠ ಒಂದೇ: ಗೊಂಬೆಗೆ ಗೀಟು, ನಮಗೆ ಗೇಟು. ನೋವು ಎಲ್ಲಿದೆ ಎಂದು ಕೇಳುವವರು ನೋವು ಕಳೆಯಲು ಕೇಳುವುದಿಲ್ಲ, ನೋಯುವವಳನ್ನು ಕಳೆಯಲು ಕೇಳುತ್ತಾರೆ. ನಲವತ್ತು ಹೆಂಗಸರ ಬೆನ್ನು, ಸೊಂಟ, ಕಣ್ಣುಗಳನ್ನು ತಿಂದು ತೇಗಿದ ಕಾರ್ಖಾನೆಯ ಕಪಾಟಿನಲ್ಲಿ ಆ ಒಂದನ್ನು ಬಿಟ್ಟು ಇಪ್ಪತ್ತೇಳು ವರ್ಷದ ಗೊಂಬೆಗಳೆಲ್ಲ ಒಂದು ಗೀರೂ ಇಲ್ಲದೆ, ಆಗಷ್ಟೇ ಹುಟ್ಟಿದ ಕೂಸುಗಳ ಹಾಗೆ, ಮಲಗಿವೆ.

ಈ ಕಾಗದ ಆ ಕಾಗದವಲ್ಲ ಎಂದು ಬುದ್ಧಿ ಹೇಳಿತು. ಕೈ ಕೇಳಲಿಲ್ಲ. ಪೆನ್ನಿನ ತುದಿ ಗೊಂಬೆಯ ಭುಜದವರೆಗೆ ಹೋಗಿ, ಬಿಸಿ ತಾಗಿದಂತೆ ಹಿಂದೆ ಬಂತು. ಕೆಳಗೆ "ಯಾವ ನೋವೂ ಇಲ್ಲ" ಎಂಬುದರ ಮುಂದಿದ್ದ ಚೌಕದಲ್ಲಿ, ವರ್ಷಗಳ ರೂಢಿಯಿಂದ, ದುಂಡನೆಯ ಒಂದು ಸರಿ ಗುರುತು ಬಿತ್ತು.

ಕೌಂಟರಿನವಳು ಅದನ್ನು ನೋಡಿ ಹುಬ್ಬೇರಿಸಿದಳು. "ಅಬ್ಬಾ, ಅದೃಷ್ಟವಂತರು ಮೇಡಂ ನೀವು. ಈ ವಯಸ್ಸಲ್ಲಿ ಒಂದು ನೋವೂ ಇಲ್ಲ! ಹಾಗಾದ್ರೆ ಮಸಾಜ್ ಎಲ್ಲ ಯಾಕೆ, ಪಾಚಿ ಲೇಪ ತಗೊಳ್ಳಿ. ಮುಖಕ್ಕೆ ಕಳೆ ಬರುತ್ತೆ."

ಈಗಲಾದರೂ ಹೇಳಬಹುದಿತ್ತು. "ಆಗಲಿ" ಎಂದಳು ತೋಳಕ್ಕ.

"ಪಾಚಿನಾ?" ಎಂದು ಕಿಸಕ್ಕನೆ ನಕ್ಕ ನಾದಿನಿಯನ್ನು ಪಾದದ ಕೋಣೆಗೆ ಕರೆದೊಯ್ದರು.

ತೋಳಕ್ಕನಿಗೆ ಕೊಟ್ಟ ಕೋಣೆ ಚಿಕ್ಕದು, ತಂಪು. ದುಂಡು ಕಿಟಕಿಯಲ್ಲಿ ನೀರು ಮತ್ತು ಆಕಾಶ ಸಮಪಾಲಾಗಿ ಕೂತಿದ್ದವು. ಹಡಗು ಚಲಿಸುತ್ತಿದೆ ಎಂಬುದಕ್ಕೆ ಮೇಜಿನ ಮೇಲಿನ ಬಟ್ಟಲಿನ ನೀರು ಆಚೀಚೆ ಉಯ್ಯಾಲೆಯಾಡುವುದೊಂದೇ ಸಾಕ್ಷಿ. ಮಸಾಜಿನವಳು ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಮಣಿಕಟ್ಟಿನವರೆಗೆ ತೋಳಿದ್ದ ಬಿಳಿ ಅಂಗಿ ತೊಟ್ಟಿದ್ದಳು. ತೋಳಕ್ಕನ ಕಣ್ಣು ರೂಢಿಯಂತೆ ಮೊದಲು ಹೊಲಿಗೆಗೆ ಹೋಯಿತು. ಎಡತೋಳು ಕೂಡಿಸಿದ್ದು ಸ್ವಲ್ಪ ಸೊಟ್ಟಗಿತ್ತು. ಪಾಪ, ಯಾವಳೋ ಎರಡನೇ ಪಾಳಿಯ ಕೊನೆಯ ಗಂಟೆಯಲ್ಲಿ ಹೊಲಿದಿರಬೇಕು.

ಮಲಗಿಸಿ, ಮುಖಕ್ಕೆ ಹಸಿರು ಲೇಪ ಹಚ್ಚಿದಳು. ತಣ್ಣಗೆ, ಬಾವಿಯ ಒಳಗೋಡೆಯ ವಾಸನೆ. ತೋಳಕ್ಕ ಕಣ್ಣು ಮುಚ್ಚಿಕೊಂಡು ಗಡಿಯಾರದ ಸದ್ದು ಕೇಳುತ್ತಿದ್ದಳು. ಹತ್ತು ನಿಮಿಷ ಹೋಯಿತು. ಇಪ್ಪತ್ತಾಯಿತು. ಅವಳ ಗಂಟೆ, ಅವಳ ಒಂದೇ ಒಂದು ಗಂಟೆ, ಪಾಚಿಯಾಗಿ ಒಣಗುತ್ತಿತ್ತು.

"ಎರಡೂ ಕೈ ತಲೆ ಮೇಲೆ ಇಟ್ಕೊಳ್ಳಿ ಮೇಡಂ, ಆರಾಮಾಗಿ ಇರುತ್ತೆ."

ಎಡಗೈ ಹೋಯಿತು. ಬಲಗೈ ಅರ್ಧದಲ್ಲಿ ನಿಂತಿತು. ತೋಳಕ್ಕ ತುಟಿ ಕಚ್ಚಿ ಎಡಗೈಯಿಂದ ಬಲ ಮಣಿಕಟ್ಟು ಹಿಡಿದು, ಯಾರಿಗೂ ಕಾಣದಂತೆ, ಎಳೆಯಲು ನೋಡಿದಳು. ಒಣಗಿದ ಲೇಪ ಹಣೆಯ ಮೇಲೆ ಬಿರುಕು ಬಿಟ್ಟಿತು.

"ಮೇಡಂ, ಭುಜ ನೋಯ್ತಿದೆಯಾ?"

"ಇಲ್ಲಮ್ಮ. ಏನೂ ನೋವಿಲ್ಲ."

ಮಸಾಜಿನವಳು ಕುತ್ತಿಗೆಯ ಕೆಳಗೆ ಕೈಯಿಟ್ಟು ಒತ್ತಿದಳು. ಒತ್ತಿದ್ದು ಹೆಬ್ಬೆರಳಲ್ಲ ಎಂದು ತೋಳಕ್ಕನಿಗೆ ಹೊಳೆಯಲು ಎರಡು ಉಸಿರು ಹಿಡಿಯಿತು. ಅದು ಮೊಣಕೈ. ಕಣ್ಣು ತೆರೆದು ನೋಡಿದರೆ, ಆ ಸೊಟ್ಟ ತೋಳಿನ ತುದಿಯಲ್ಲಿ ಮೈಬಣ್ಣದ ಪಟ್ಟಿಯೊಂದು ಇಣುಕುತ್ತಿತ್ತು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬಿಗಿದು ಕಟ್ಟಿದ ಪಟ್ಟಿ.

"ನಿನ್ನ ಹೆಬ್ಬೆರಳಿಗೆ ಏನಾಯ್ತಮ್ಮ?"

"ಏನಿಲ್ಲ ಮೇಡಂ." ಅವಳು ಥಟ್ಟನೆ ತೋಳು ಕೆಳಗೆಳೆದುಕೊಂಡಳು. "ಏನೂ ನೋವಿಲ್ಲ."

ಅದೇ ಮಾತು. ಅದೇ ದನಿ. ಕನ್ನಡಿಯ ಮುಂದೆ ನಿಂತಂತಾಯಿತು ತೋಳಕ್ಕನಿಗೆ. ಅವಳು ಮೆಲ್ಲಗೆ ಎದ್ದು ಕೂತಳು. ಹಸಿರು ಮುಖ, ಮೋಟು ಕೂದಲು.

"ನಿಮ್ಮಲ್ಲೂ ಗೊಂಬೆ ಕಾಗದ ಇದೆಯಾ?"

"ಏನು ಮೇಡಂ?"

"ಈಗ ನನ್ನ ಕೈಲಿ ತುಂಬಿಸಿದ್ರಲ್ಲ, ಆ ಕಾಗದ. ನಿಮಗೂ ಕೊಡ್ತಾರಾ?"

ಮಸಾಜಿನವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ಆರು ತಿಂಗಳಿಗೊಂದು ಸಲ. ಕೆಲಸ ಮುಂದುವರಿಸೋಕೆ ಮುಂಚೆ."

"ಗೀಟು ಹಾಕ್ತೀಯಾ?"

"ಹುಚ್ಚಾ? ಹಾಕಿದವಳನ್ನ ಮುಂದಿನ ಬಂದರಿನಲ್ಲೇ ಇಳಿಸಿ ಕಳಿಸ್ತಾರೆ."

"ನಾನು ಇಪ್ಪತ್ತೇಳು ಗೊಂಬೆಗೆ ಗೀಟು ಹಾಕಿಲ್ಲ" ಎಂದಳು ತೋಳಕ್ಕ. "ಇವತ್ತಿಂದು ಇಪ್ಪತ್ತೆಂಟನೇದು. ಇಲ್ಲಿ ಯಾರೂ ಕೇಳೋರಿಲ್ಲ, ಕಳಿಸೋರಿಲ್ಲ. ಆದ್ರೂ ಕೈ ಬರಲಿಲ್ಲ ನೋಡು."

ಮಸಾಜಿನವಳಿಗೆ ನಗು ಬಂತು, ತಡೆದರೂ ಬಂತು. ಆ ಹಸಿರು ಮುಖವೂ ನಕ್ಕಿತು, ಕೆನ್ನೆಯ ಪಾಚಿ ಚಕ್ಕೆ ಚಕ್ಕೆಯಾಗಿ ಉದುರಿತು. ಮಸಾಜಿನವಳು ಬಿಸಿ ಬಟ್ಟೆ ತಂದು ಲೇಪವನ್ನೆಲ್ಲ ಒರೆಸಿ ತೆಗೆದಳು. ಗಡಿಯಾರ ನೋಡಿದಳು. "ಇನ್ನು ಅರ್ಧ ಗಂಟೆ ಇದೆ ಅಕ್ಕ. ಆ ಕಡೆ ತಿರುಗಿ ಮಲಗಿ. ಎಲ್ಲಿ ಅಂತ ಕೈ ಇಟ್ಟು ತೋರಿಸಿ."

ತೋಳಕ್ಕ ಎಡಗೈಯನ್ನು ಬಲಭುಜದ ಮೇಲಿಟ್ಟಳು. "ಇಲ್ಲಿ" ಎಂದಳು. ಆಮೇಲೆ ಕೈ ತಾನಾಗಿ ಸರಿಯಿತು. "ಇಲ್ಲೂ. ಇಗೋ, ಇಲ್ಲೂ."

ಬಿಸಿ ಕಲ್ಲುಗಳು ಬಂದವು. ಒಬ್ಬಳ ಮೊಣಕೈ ಇನ್ನೊಬ್ಬಳ ಭುಜದ ಗಂಟುಗಳನ್ನು, ತೊಡಕು ಬಿದ್ದ ದಾರದುಂಡೆ ಬಿಡಿಸುವವರಂತೆ, ಒಂದೊಂದಾಗಿ ಹುಡುಕುತ್ತಿತ್ತು. ದುಂಡು ಕಿಟಕಿಯಲ್ಲಿ ಬಿಸಿಲು ನೀರಿನ ಮೇಲೆ ಮಲಗಿತ್ತು.

ಮುಗಿದಾಗ ತೋಳಕ್ಕ ಕೂತು ಕೈ ಎತ್ತಿದಳು. ಕಿವಿಯ ಮಟ್ಟಕ್ಕೆ ಬಂತು. ಮೂರು ವರ್ಷದಲ್ಲಿ ಮೊದಲ ಸಲ ಅಷ್ಟು ದೂರ. ಅಲ್ಲಿ ನಿಂತಿತು.

"ಸೋಮವಾರದೊಳಗೆ ಪೂರ್ತಿ ಏಳುತ್ತಾ?"

ಮಸಾಜಿನವಳು ಕಲ್ಲುಗಳನ್ನು ಬಟ್ಟೆಯಲ್ಲಿ ಒರೆಸಿಟ್ಟಳು. "ಸುಳ್ಳು ಹೇಳಲ್ಲ ಅಕ್ಕ. ಇದು ಒಂದು ಗಂಟೆ ಕೆಲಸ ಅಲ್ಲ. ಒಳ್ಳೆ ಡಾಕ್ಟರಿಗೆ ತೋರಿಸಬೇಕು, ತಿಂಗಳುಗಟ್ಟಲೆ ವ್ಯಾಯಾಮ ಬೇಕು, ಈ ಕೈಗೆ ಬಿಡುವು ಬೇಕು. ಮೊದಲು ನೋವಿದೆ ಅಂತ ಹೇಳಬೇಕು."

ತೋಳಕ್ಕ ತಲೆದೂಗಿದಳು. ಅಳು ಬರಬೇಕಿತ್ತು. ಬರಲಿಲ್ಲ. ಭುಜ ಬೆಚ್ಚಗಿತ್ತು, ಇಷ್ಟು ದಿನ ತನ್ನದಲ್ಲ ಎಂದು ಸುಳ್ಳು ಹೇಳಿದ್ದ ಮಗುವನ್ನು ಎತ್ತಿಕೊಂಡಂತೆ ಇತ್ತು. ಹೇಗೂ ಸೋಮವಾರ ಕೈ ಏಳುವುದಿಲ್ಲ. ಏಳದ ಕೈಯನ್ನು ಬಚ್ಚಿಡುವ ಕೆಲಸವೂ ಮುಗಿಯಿತು. ಕಾಲರಿನವಳ ಕುತ್ತಿಗೆ, ಗುಂಡಿಯವಳ ಕಣ್ಣು, ಇಸ್ತ್ರಿಯವಳ ಸೊಂಟ ಒಂದೊಂದಾಗಿ ನೆನಪಾದವು. ಗೀಟು ಹಾಕಿದವಳು ಯಾವತ್ತೂ ಒಬ್ಬಳೇ, ಅದಕ್ಕೇ ಅವಳನ್ನು ಕಳಿಸಿದ್ದು ಎನ್ನುವುದು ಆಗ ಹೊಳೆಯಿತು.

ಹೊರಗೆ ನಾದಿನಿ ಕೆಂಪಗೆ ಹೊಳೆಯುವ ಹಿಮ್ಮಡಿಗಳನ್ನು ಮುಂದೆ ಚಾಚಿ ಕೂತಿದ್ದಳು. "ನೋಡಿ ಅತ್ತಿಗೆ! ನನ್ನ ಹಿಮ್ಮಡಿ ಉಜ್ಜಿ ಉಜ್ಜಿ ಅವರ ಕಲ್ಲೇ ಸವೀತು. ಏನು, ಮುಖಕ್ಕೆ ಕಳೆ ಬಂತಾ?"

ತೋಳಕ್ಕ ನೇರವಾಗಿ ಕೌಂಟರಿಗೆ ಹೋದಳು. "ನನ್ನ ಕಾಗದ ಕೊಡಿ. ಒಂದು ತಪ್ಪಾಗಿದೆ."

ನಿಂತೇ ಬರೆದಳು. ಬಲಭುಜಕ್ಕೊಂದು ಗೀಟು. ಕೈ ನಡುಗಿ ಗೀಟು ಸೊಟ್ಟಗಾಯಿತು. ಕುತ್ತಿಗೆಗೆ ಒಂದು, ಸೊಂಟಕ್ಕೆ ಎರಡು. ಮಣಿಕಟ್ಟು. ಪೆಡಲ್ ಒತ್ತುವ ಪಾದಕ್ಕೆ ಬರುವಾಗ ಗೀಟು ನೆಟ್ಟಗಿತ್ತು. ಪಕ್ಕದಲ್ಲಿ ಬಂದು ನಿಂತ ನಾದಿನಿಯ ನಗು ಒಂದೊಂದು ಗೀಟಿಗೂ ಇಳಿಯುತ್ತ ಬಂತು.

"ಅತ್ತಿಗೆ... ಕೂದಲು ಕತ್ತರಿಸಿದ್ದು..."

"ಹೂಂ. ಶೋಕಿ ಅಲ್ಲ ಕಣೇ."

"ನನಗೆ ಹೇಳಿದ್ರೆ ನಾನು ಬಂದು ಜಡೆ ಹಾಕ್ತಿರಲಿಲ್ವಾ? ನಾನೇನು ಸತ್ತುಹೋಗಿದ್ನಾ?" ನಾದಿನಿಯ ದನಿ ಗದರುವಂತಿತ್ತು. ಕಣ್ಣು ಹಾಗಿರಲಿಲ್ಲ.

"ಈಗ ಹೇಳ್ತಿದೀನಲ್ಲ." ತೋಳಕ್ಕ ಕೌಂಟರಿನ ಮೇಲಿದ್ದ ಖಾಲಿ ಗೊಂಬೆಗಳ ಕಟ್ಟಿನ ಕಡೆ ನೋಡಿದಳು. "ಇವು ನನಗೆ ಬೇಕಿತ್ತು. ಮೂವತ್ತೊಂಬತ್ತು."

ಕೌಂಟರಿನವಳ ನಗು ಗಲಿಬಿಲಿಗೊಂಡಿತು. "ಅಷ್ಟೊಂದು ಯಾಕೆ ಮೇಡಂ?"

"ಅಭ್ಯಾಸಕ್ಕೆ. ಗೀಟು ಹಾಕೋದು ಸುಲಭ ಅಲ್ಲ. ಮೊದಲ ಸಲ ಕೈ ನಡುಗುತ್ತೆ."

ಹಿಂದೆಯೇ ಬಂದಿದ್ದ ಮಸಾಜಿನವಳು ಕಟ್ಟನ್ನು ಎಳೆದುಕೊಂಡು, ಬಲಗೈಯಿಂದಲೇ ಎಣಿಸಿ, ಜೋಡಿಸಿ ತೋಳಕ್ಕನ ಕೈಗಿಟ್ಟಳು. ಎಣಿಸುವಾಗ ಒಂದು ಹಾಳೆ ಅವಳ ಜೇಬಿಗೂ ಹೋಯಿತು. ಅದನ್ನು ನೋಡಿದ್ದು ತೋಳಕ್ಕ ಒಬ್ಬಳೇ.

ಹಡಗಿನ ಮೇಲಿನ ಡೆಕ್ಕಿನಲ್ಲಿ ಗಾಳಿ ಇತ್ತು. ತೋಳಕ್ಕ ಕಾಗದಗಳನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಜನ ಸಮುದ್ರದಿಂದ ಶಂಖ ತರ್ತಾರೆ, ಚಿಪ್ಪು ತರ್ತಾರೆ" ಎಂದಳು ನಾದಿನಿ. "ನೀವು ಕಾಗದ ತರ್ತಿದೀರಿ."

"ಕುಕ್ಕರ್ ತರೋಕೆ ಹೋಗಿ ಹಡಗು ತಂದವಳು ನೀನು. ನನಗೆ ಹೇಳೋಕೆ ಬರ್ತೀಯಾ? ನಾಳೆ ಸಂಜೆ ನಮ್ಮ ಸಾಲಿನವರನ್ನೆಲ್ಲ ಕರೀಬೇಕು. ನಮ್ಮ ಮನೇಲಿ ಕಾಲಿಡೋಕೆ ಜಾಗ ಇಲ್ಲ, ನಿನ್ನ ಹಜಾರ ಆಗುತ್ತಾ?"

"ಎಷ್ಟು ಜನ?"

"ನನ್ನೂ ಸೇರಿ ನಲವತ್ತು. ಸೋಮವಾರ ಡಾಕ್ಟರು ಕೈ ಎತ್ತಿ ಅಂದಾಗ ಎಲ್ಲರೂ ಎಷ್ಟು ಏಳುತ್ತೋ ಅಷ್ಟೇ ಎತ್ತೋದು. ಎಲ್ಲಿ ನೋಯುತ್ತೋ ಅಲ್ಲೆಲ್ಲ ಗೀಟು. ನಲವತ್ತು ಜನಾನೂ ಕಳಿಸಿದ್ರೆ ಅಂಗೀನ ಸೂಪರ್‌ವೈಸರ್ ಒಬ್ಬನೇ ಹೊಲೀಬೇಕಾಗುತ್ತೆ."

"ಎಲ್ಲರೂ ಹಾಕ್ತಾರಾ ಅತ್ತಿಗೆ?"

"ಗೊತ್ತಿಲ್ಲ ಕಣೇ. ನಾನಂತೂ ಹಾಕ್ತೀನಿ."

ನಾದಿನಿ ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು. "ನಲವತ್ತು ಜನಕ್ಕೆ ಚಹಾ. ನಮ್ಮಲ್ಲಿ ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ?"

"ಹೊಸ ಕುಕ್ಕರ್ ಇದೆಯಲ್ಲ" ಎಂದಳು ತೋಳಕ್ಕ. "ಎರಡು ಸಲ ಕಾಯಿಸು."