ಆಳದ ಕಡೆಯ ಕುರ್ಚಿ

ಮಗನಿಗೆ ಕೆಲಸ ಸಿಕ್ಕಿ ಇಪ್ಪತ್ತು ದಿನಗಳಾಗಿದ್ದವು. ಆದರೂ ಅವನ ಟವೆಲು ಒಂದು ದಿನವೂ ಒದ್ದೆಯಾಗಿ ಮನೆಗೆ ಬಂದಿರಲಿಲ್ಲ. ತಾಯಿ ಇದನ್ನು ಗಮನಿಸಿದ್ದು ಬಟ್ಟೆ ಒಗೆಯುವಾಗ. ಊರಿನ ಈಜುಕೊಳದಲ್ಲಿ ಅವನು ಜೀವರಕ್ಷಕ. ಕೆಂಪು ಚಡ್ಡಿ, ಹಳದಿ ಬನಿಯನ್, ಕೊರಳಿಗೊಂದು ವಿಷಲ್ಲು, ಹೆಗಲಿಗೊಂದು ಟವೆಲು, ಎಲ್ಲವನ್ನೂ ಅಲ್ಲಿಯೇ ಕೊಟ್ಟಿದ್ದರು. ಸಂಜೆ ಚೀಲ ಬಿಚ್ಚಿದರೆ ಬಟ್ಟೆಯಲ್ಲಿ ಬೆವರಿನ ವಾಸನೆ ಇರುತ್ತಿತ್ತೇ ಹೊರತು ಕೊಳದ ನೀರಿಗೆ ಹಾಕುವ ಔಷಧಿಯ ವಾಸನೆ ಇರುತ್ತಿರಲಿಲ್ಲ. ಬೆಳಗ್ಗೆ ಅವಳು ಮಡಿಸಿದ ಟವೆಲಿನ ಮಡಿಕೆ ಸಂಜೆಗೂ ಹಾಗೆಯೇ ಇರುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಮಗನನ್ನು ಓದಿಸಿದವಳು ಅವಳು. ಓದು ಮುಗಿಸಿ ಎರಡು ವರ್ಷ ಅವನು ಅರ್ಜಿ ಹಾಕಿದ, ಸಂದರ್ಶನಗಳಿಗೆ ಹೋದ, ಮುಖ ಸಣ್ಣದು ಮಾಡಿಕೊಂಡು ಬಂದ. ಕೊನೆಗೆ ದಾರಿ ಮಾಡಿಕೊಟ್ಟವನು ಅವಳ ಅಣ್ಣ. ಈಜುಕೊಳದ ಆಡಳಿತ ನೋಡಿಕೊಳ್ಳುವ ಸಾಹೇಬರ ಕಾರಿಗೆ ಅವನು ಡ್ರೈವರು. ಒಂದು ಬೆಳಗ್ಗೆ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹಿಂದಿನ ಸೀಟಿನ ಕಡೆಗೆ ಒಂದು ಮಾತು ಹಾಕಿದ. ಹಸಿರು ದೀಪ ಹತ್ತುವಷ್ಟರಲ್ಲಿ ಕೆಲಸ ಆಗಿತ್ತು. ಮನೆಗೆ ಬಂದವರಿಗೆಲ್ಲ ಅವನು ಇದನ್ನು ಹೇಳಿಕೊಂಡು ಎದೆಯುಬ್ಬಿಸುತ್ತಿದ್ದ. ತಾಯಿಯೂ ಆ ದಿನ ದೇವರ ಮುಂದೆ ಬಹಳ ಹೊತ್ತು ಕೈಮುಗಿದು ನಿಂತಿದ್ದಳು. ಸಿಕ್ಕಿದ್ದಕ್ಕೆ ನಾವೆಲ್ಲ ಕೈಮುಗಿಯುತ್ತೇವೆ. ಹೇಗೆ ಸಿಕ್ಕಿತೆಂದು ಅದೇ ದೇವರ ಮುಂದೆ ಕೇಳಿಕೊಳ್ಳುವವರು ಕಡಿಮೆ.

"ನೀರಿಗೇ ಇಳಿಯೋದಿಲ್ವೇನೋ ನೀನು?" ಎಂದು ಆ ಸಂಜೆ ಕೇಳಿದಳು.

"ಮುಳುಗೋರು ಇದ್ರೆ ತಾನೇ ಅಮ್ಮ ಇಳಿಯೋದು?" ಎಂದ ಮಗ. ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾತು ಸರಿಯಾಗಿಯೇ ಇತ್ತು. ಆದರೆ ಇವನು ಈಜು ಕಲಿತದ್ದು ಯಾವಾಗ ಎಂಬ ಪ್ರಶ್ನೆ ಅವಳ ತಲೆಯಲ್ಲಿ ಹುಳದಂತೆ ಕೊರೆಯತೊಡಗಿತು. ಮರುದಿನ ಹೊಲಿದ ಬಟ್ಟೆ ಕೊಟ್ಟುಬರುವ ನೆಪದಲ್ಲಿ ಈಜುಕೊಳಕ್ಕೆ ಹೋಗಿ, ನೋಡುವವರ ಬೆಂಚಿನ ಮೇಲೆ ಮೂಲೆಯಲ್ಲಿ ಕೂತಳು.

ಮಗ ಆಳದ ಕಡೆಯ ಎತ್ತರದ ಕುರ್ಚಿಯ ಮೇಲೆ ಕೂತಿದ್ದ. ಆಳದ ಕಡೆಯನ್ನು ಬೇರ್ಪಡಿಸಲು ಕೊಳದ ನಡುವೆ ಕಟ್ಟಿದ ಹಗ್ಗದ ಹತ್ತಿರ ಯಾರು ಬಂದರೂ ವಿಷಲ್ ಊದುತ್ತಿದ್ದ. ಗಟ್ಟಿಮುಟ್ಟಾದ ಈಜುಗಾರರನ್ನೂ ಬಿಡುತ್ತಿರಲಿಲ್ಲ.

"ಭಾರೀ ಕಟ್ಟುನಿಟ್ಟು ಕಣಮ್ಮ ಈ ಹುಡುಗ" ಎಂದು ಪಕ್ಕದಲ್ಲಿದ್ದ ಮುದುಕ ಮೆಚ್ಚಿಕೊಂಡ. "ಇವನು ಬಂದ್ಮೇಲೆ ಆ ಕಡೆ ಒಂದು ಕಾಗೆಯೂ ಇಳಿಯೋ ಹಾಗಿಲ್ಲ."

ತಾಯಿ ನೋಡುತ್ತಿದ್ದದ್ದು ಮಗನ ಕೈಯನ್ನು. ಕುರ್ಚಿಯ ಕಬ್ಬಿಣದ ಹಿಡಿಯನ್ನು ಅದು ಬಿಗಿಯಾಗಿ ಹಿಡಿದಿತ್ತು.

ಮನೆಗೆ ಬಂದವನನ್ನು ಎದುರಿಗೆ ಕೂರಿಸಿಕೊಂಡಳು. "ನಿನಗೆ ಈಜು ಬರುತ್ತೇನೋ?"

"ಸ್ವಲ್ಪ ಬರುತ್ತಮ್ಮ. ನಿಲ್ಲೋಷ್ಟು ನೀರಲ್ಲಿ."

"ನಿಲ್ಲೋಷ್ಟು ನೀರಲ್ಲಿ ನಿಲ್ಲೋದಕ್ಕೆ ಈಜು ಅಂತಾರಾ?"

ಅವನು ಮೆಲ್ಲಗೆ ಹೇಳಿದ: "ಸೇರಿಸಿಕೊಳ್ಳುವಾಗ ಯಾರೂ ಕೇಳಲಿಲ್ಲಮ್ಮ. ಆಮೇಲೆ ಹೇಳಿದ್ರೆ ಮಾವನ ಮರ್ಯಾದೆ ಹೋಗುತ್ತೆ. ಏನಾದ್ರೂ ಆದ್ರೆ ನನ್ನ ಜೊತೆ ಕೆಲಸ ಮಾಡೋ ಮೀಸೆ ಅಣ್ಣ ಇದ್ದಾನೆ. ಹಳಬ. ಅವನು ಹಾರ್ತಾನೆ."

ಅಷ್ಟರಲ್ಲಿ ತಾಯಿಯ ಅಣ್ಣನೇ ಮನೆಗೆ ಬಂದ. ತಾಯಿ ಎಲ್ಲವನ್ನೂ ಹೇಳಿದಳು. ಅವನು ನಕ್ಕುಬಿಟ್ಟ.

"ಕೆಲಸಕ್ಕೆ ಸೇರಿದ ಮೇಲೆ ತಾನೇ ಕೆಲಸ ಕಲಿಯೋದು? ನಾನೇನು ಸ್ಟಿಯರಿಂಗ್ ಹಿಡ್ಕೊಂಡು ಹುಟ್ಟಿದ್ನಾ?"

"ಇವನಿಗೆ ಕಲಿಯೋಕೆ ಸಮಯ ಇದೆ ಅಣ್ಣ. ಮುಳುಗೋ ಮಗುವಿಗೆ ಇದೆಯಾ?"

"ಬಿಡ್ತು ಅನ್ನು. ಒಳ್ಳೇ ಮಾತಾಡು" ಎಂದು ಅಣ್ಣ ಗದರಿದ. "ನೀನು ಬಾಯಿಬಿಟ್ಟರೆ ಸಾಹೇಬರ ಮುಂದೆ ನನ್ನ ಮುಖ ಎಲ್ಲಿ ಇಟ್ಕೊಳ್ಳಲಿ? ಯಾರೂ ಮಾಡದೇ ಇರೋದನ್ನ ನಾನು ಮಾಡಿದ್ದೀನಾ? ಅಲ್ಲಿರೋರೆಲ್ಲ ಒಬ್ಬರಲ್ಲ ಒಬ್ಬರ ಕಡೆಯವರೇ."

ಆ ಕೊನೆಯ ಮಾತು ತಾಯಿಯ ಎದೆಯಲ್ಲಿ ಚುಚ್ಚಿಕೊಂಡಿತು. ಸೋಮವಾರ ಶಾಲೆಯ ಮಕ್ಕಳು ಈಜು ಕಲಿಯಲು ಬರುವವರಿದ್ದರು. ಮಕ್ಕಳಿಗೆ ಜಾಗ ಸಾಲದೆಂದು ಅಂದು ನಡುವಿನ ಹಗ್ಗ ಬಿಚ್ಚಲು ಆಫೀಸಿನಿಂದ ಆಜ್ಞೆಯಾಗಿದೆಯೆಂದು ಮಗ ಹೇಳಿದ್ದ. ಸೋಮವಾರ ಬೆಳಗ್ಗೆ ಅವಳು ಮಿಷನ್ನಿಗೆ ಬಟ್ಟೆ ಹೊದಿಸಿ ಹೊರಟಳು.

ಗೇಟಿನ ಒಳಗೆ ಮೀಸೆಯವನು ಟ್ಯೂಬುಗಳಿಗೆ ಗಾಳಿ ತುಂಬುತ್ತಿದ್ದ. ದಪ್ಪ ಮೀಸೆ, ಅಗಲವಾದ ಎದೆ. ನೋಡಿದರೆ ಯಾರಿಗಾದರೂ ಧೈರ್ಯ ಬರಬೇಕು.

"ಯಾರ ಕಡೆಯವರಮ್ಮ ನೀವು?" ಎಂದ.

"ಆ ಹುಡುಗನ ತಾಯಿ ಕಣಪ್ಪ."

"ಓ, ಡ್ರೈವರ್ ಕಡೆಯವರು. ನಾನು ಕ್ಯಾಷಿಯರ್ ಕಡೆಯವನು."

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನಗೆ ಈಜು ಬರುತ್ತಾಪ್ಪ?"

ಅವನು ಹಿಂದೆ ಮುಂದೆ ನೋಡಿದ. ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಸ್ವಲ್ಪವೂ ಕಪಟವಿಲ್ಲದೆ ಹೇಳಿದ: "ನನಗೆಲ್ಲಿ ಬರುತ್ತಮ್ಮ? ಅದಕ್ಕೇ ಅಲ್ವಾ ನಿಮ್ಮ ಹುಡುಗನ್ನ ಹಾಕಿರೋದು?"

ಆ ಹೊತ್ತಿಗೆ ಮಕ್ಕಳು ಸಾಲಾಗಿ ಒಳಗೆ ಬರುತ್ತಿದ್ದರು. ನಲವತ್ತು ಮಕ್ಕಳು, ಕೆಲವರು ಆಗಲೇ ಚಪ್ಪಲಿ ಕಳಚಿದ್ದರು. ತಾಯಿ ಓಡಿಹೋಗಿ ಕುರ್ಚಿಯ ಕೆಳಗೆ ನಿಂತು, ಮೀಸೆಯವನು ಹೇಳಿದ್ದನ್ನು ಮಗನಿಗೆ ಹೇಳಿದಳು. ಇಳಿ ಎಂದು ಹೇಳಲಿಲ್ಲ.

ಅವನು ನೀರನ್ನು ನೋಡಿದ, ಮಕ್ಕಳನ್ನು ನೋಡಿದ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದುಬಂದು ಟೀಚರ ಎದುರು ನಿಂತ.

"ಮೇಡಂ, ಮಕ್ಕಳನ್ನ ನೀರಿಗೆ ಇಳಿಸಬೇಡಿ. ನನಗೆ ಈಜು ಬರೋದಿಲ್ಲ."

ಟೀಚರು ತಮಾಷೆಯೆಂದುಕೊಂಡು ನಕ್ಕರು. ಹುಡುಗನ ಮುಖ ನೋಡಿ ನಗು ನಿಂತಿತು. "ಮತ್ತೆ ಅವರಿಗೆ?" ಎಂದು ಮೀಸೆಯವನ ಕಡೆ ಕೈ ತೋರಿಸಿದರು. ಮೀಸೆಯವನು ಟ್ಯೂಬಿನ ಬಾಯಿ ಮುಚ್ಚುವುದರಲ್ಲಿ ಮಗ್ನನಾದ.

ಟೀಚರು ಮಕ್ಕಳನ್ನು ತಿರುಗಿಸಿ ನಿಲ್ಲಿಸಿದರು. ಒಬ್ಬ ಪುಟ್ಟ ಹುಡುಗಿ ನೀರಿಗಿಳಿಯಬೇಕೆಂದು ಅಳುತ್ತಲೇ ಗೇಟು ದಾಟಿದಳು.

ಸಂಜೆ ಅಣ್ಣ ಬಾಗಿಲಲ್ಲೇ ನಿಂತು ಕೂಗಾಡಿದ. "ಅನ್ನ ಕೊಟ್ಟ ಕೈಗೆ ಮಸಿ ಬಳಿದ್ರಲ್ಲ ತಾಯಿ ಮಗ ಸೇರಿ. ಏನಾಗಿತ್ತು ಅಂತ ಇಷ್ಟು ರಂಪ? ಅಲ್ಲಿ ಯಾರಾದ್ರೂ ಸತ್ತಿದ್ರಾ?"

"ಸತ್ತಿದ್ರೆ ನೀನು ಈಗ ಇಷ್ಟು ಜೋರಾಗಿ ಮಾತಾಡ್ತಿರಲಿಲ್ಲ ಅಣ್ಣ" ಎಂದಳು ತಾಯಿ.

ಅವನು ಹೋದ. ಮತ್ತೆ ಆ ಮನೆಗೆ ಬರಲಿಲ್ಲ. ಕೆಲಸ ಕಳೆದುಕೊಂಡ ಮಗ ಈಗ ದಿನವೂ ಅರ್ಜಿ ಬರೆಯುತ್ತಿದ್ದಾನೆ. ಇನ್ನೂ ಯಾರೂ ಕರೆದಿಲ್ಲ.

ಓದುಗರೇ, ಇಲ್ಲಿ ಯಾರೂ ಸಾಯಲಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರಲಿಲ್ಲ, ವಿಚಾರಣೆ ನಡೆಯಲಿಲ್ಲ, ಯಾರೂ ಆ ಹುಡುಗನಿಗೆ ಕೃತಜ್ಞತೆ ಹೇಳಲಿಲ್ಲ. ಅಂದು ಮುಚ್ಚಿದ ಕೊಳ ವಾರದೊಳಗೆ ಮತ್ತೆ ತೆರೆಯಿತು. ಆ ಎತ್ತರದ ಕುರ್ಚಿಯಲ್ಲಿ ಬೇರೊಬ್ಬ ಹುಡುಗ ಕೂತಿದ್ದಾನೆ. ನಿಮ್ಮ ಮಕ್ಕಳನ್ನು ಕಳಿಸುವ ಮೊದಲು ಅವನಿಗೆ ಈಜು ಬರುತ್ತದೆಯೇ ಎಂದು ಕೇಳಿ. ಕೇಳಲು ಸಂಕೋಚವಾದರೆ ಆ ತಾಯಿಯನ್ನು ನೆನೆಯಿರಿ. ಅವಳು ಕೇಳಬೇಕಾಗಿ ಬಂದದ್ದು ತನ್ನ ಹೊಟ್ಟೆಯಲ್ಲಿ ಹುಟ್ಟಿದವನನ್ನೇ.