ಬೆಲ್ಲದ ಪರೀಕ್ಷೆ

ನಮ್ಮ ಕಂಪ್ಯೂಟರಿಗೆ ಮೈ ಇರಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಒಂದು ಪ್ಲೈವುಡ್ ಹಲಗೆಯ ಮೇಲೆ ಅದರ ಕರುಳೆಲ್ಲ ಹೊರಗೇ ಬಿದ್ದಿತ್ತು. ಹಸಿರು ಮದರ್‌ಬೋರ್ಡು, ಗಂಟುಗಂಟಾದ ವೈರುಗಳು, ಗರಗರ ತಿರುಗುವ ಫ್ಯಾನು. ನಾನೂ ದಸ್ತಗೀರನೂ ಗುಜರಿಯಲ್ಲಿ ಬಿಡಿಭಾಗಗಳನ್ನು ಆರಿಸಿ ತಂದು ಕೂಡಿಸಿದ ಯಂತ್ರ ಅದು. ಚಾಲೂ ಮಾಡಲು ಗುಂಡಿ ಇರಲಿಲ್ಲ. ಬೋರ್ಡಿನ ಎರಡು ಪಿನ್ನುಗಳಿಗೆ ಸ್ಕ್ರೂಡ್ರೈವರಿನ ತುದಿ ತಾಗಿಸಬೇಕಿತ್ತು. ಗೋಡೆಯಿಂದ ಇಳಿದ ಇರುವೆಗಳು ಹಲಗೆಯ ಅಂಚಿನಲ್ಲಿ ಸಾಲುಗಟ್ಟಿ ಹೋಗುತ್ತಿದ್ದವು. ದಾರಿ ತಪ್ಪಿ ಬೋರ್ಡಿನ ಮೇಲೆ ಹತ್ತಿದವುಗಳನ್ನು ದಸ್ತಗೀರ ಊದಿ ಹಾರಿಸುತ್ತಿದ್ದ.

ಕೊನೆಯ ವರ್ಷದ ಪರೀಕ್ಷೆಗೆ ನಾವು ಮಾಡಿದ್ದು ಬಸ್ಸಿನ ವೇಳೆಯನ್ನು ಓದಿ ಹೇಳುವ ಪ್ರೋಗ್ರಾಮು. ಅದು ಈ ಯಂತ್ರದ ಮೇಲೆ ಮಾತ್ರ ಓಡುತ್ತಿತ್ತು. ಯಾಕೆಂದು ನಮಗೂ ಗೊತ್ತಿರಲಿಲ್ಲ. ಆದರೆ ಹಿಂದಿನ ವರ್ಷ ಯಾರಿಗೋ ಕರೆಂಟು ಹೊಡೆದಿದ್ದರಿಂದ, ಬಿಚ್ಚಿಟ್ಟ ಯಂತ್ರವನ್ನು ಪರೀಕ್ಷೆಯ ಹಾಲಿಗೆ ತರುವಂತಿಲ್ಲ ಎಂದು ಮೇಷ್ಟ್ರು ಹೇಳಿಬಿಟ್ಟರು. "ಒಂದು ಡಬ್ಬಿ ಮಾಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಮುಂದಿನ ವರ್ಷ ಬನ್ನಿ."

ಮುಂದಿನ ವರ್ಷ ಎನ್ನುವುದು ನನಗೆ ಬೇಸರದ ಮಾತು, ಅಷ್ಟೇ. ದಸ್ತಗೀರನಿಗೆ ಹಾಗಲ್ಲ. ಅವನ ಅಣ್ಣ ತನ್ನ ಟೈರು ಅಂಗಡಿಯಲ್ಲಿ ಅವನಿಗೊಂದು ಕೆಲಸ ಹಿಡಿದಿಟ್ಟು ಕಾಯುತ್ತಿದ್ದ. ಈ ಸಲ ಪಾಸಾಗದಿದ್ದರೆ ಓದು ಸಾಕು ಎಂದು ಮನೆಯಲ್ಲಿ ಮಾತಾಗಿತ್ತು.

ಹೊಸ ಡಬ್ಬಿ ಕೊಳ್ಳುವ ಮಾತೇ ಇರಲಿಲ್ಲ. "ನಿಮ್ಮ ಅತ್ತಿ ಟ್ರಂಕು ಮಾಡ್ತಾಳಲ್ಲೋ," ಎಂದ ದಸ್ತಗೀರ. ನನಗೆ ಅದು ಮೊದಲೇ ಹೊಳೆದಿತ್ತು, ಹೇಳಿರಲಿಲ್ಲ. ಹಾಸ್ಟೆಲಿಗೆ ಸೇರಿದ ದಿನ ನಾನು ಹೊತ್ತು ತಂದದ್ದು ಅತ್ತೆ ಮಾಡಿದ ಟ್ರಂಕು. ಮುಚ್ಚಳದ ತುಂಬ ಗುಲಾಬಿ, ನಡುವೆ ಒಂದು ಗಿಳಿ, ಗಿಳಿಯ ಕೊಕ್ಕಿನಲ್ಲಿ ನನ್ನ ಹೆಸರು. ವರ್ಷಪೂರ್ತಿ ನನ್ನನ್ನು ಎಲ್ಲರೂ ಗಿಳಿ ಎಂದೇ ಕರೆದರು. ಟ್ರಂಕನ್ನು ಮಂಚದ ಕೆಳಗೆ ಗೋಡೆಗೆ ಮುಖ ಮಾಡಿ ತಳ್ಳಿದ್ದೆ.

ಅತ್ತೆ ಸಂಕ್ರವ್ವ ಗಂಡನನ್ನು ಬಿಟ್ಟು ಬಂದು ಅಜ್ಜನ ಟ್ರಂಕಿನ ಅಂಗಡಿಯನ್ನು ಹಿಡಿದವಳು. ಅವಳ ಮಾತು ಸುತ್ತಿಗೆಗಿಂತ ಜೋರು. ಅಂಗಡಿಗೆ ಒಂದು ಪದ್ಧತಿ ಇತ್ತು. ಟ್ರಂಕು ಸಿದ್ಧವಾದ ಮೇಲೆ ಒಳಗೆ ಒಂದು ಬೆಲ್ಲದ ಉಂಡೆ ಇಟ್ಟು, ಮುಚ್ಚಿ, ಹಿತ್ತಲಿನ ಇರುವೆ ಗೂಡಿನ ಪಕ್ಕ ಇಡುವುದು. ಸಂಜೆಯವರೆಗೆ ಒಂದು ಇರುವೆಯೂ ಹೊಗದಿದ್ದರೆ ಟ್ರಂಕು ಪಾಸು. ಬೆಲ್ಲವನ್ನು ಒಳಗೇ ಬಿಡುತ್ತಿದ್ದಳು. ಕೊಂಡವರು ಮುಚ್ಚಳ ತೆಗೆದು, ಆ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೇ ಟ್ರಂಕು ಒಯ್ಯಬೇಕು. ಹಿಂದೆ ಯಾವಾಗಲೋ ಅಜ್ಜ ಮಾಡಿದ ಟ್ರಂಕಿನ ಮೂಲೆಯಲ್ಲಿ ಸಣ್ಣ ತೂತು ಉಳಿದು, ಮದುವೆ ಹೆಣ್ಣಿನ ಸೀರೆಗಳನ್ನು ಇರುವೆಗಳು ಕಡಿದು ಹಾಕಿದ್ದವಂತೆ. ಬೀಗರು ಆ ಟ್ರಂಕನ್ನು ಪೇಟೆಯ ನಡುವೆ ಹೊತ್ತು ತಂದು ಅಂಗಡಿಯ ಮುಂದೆ ಬೋರಲು ಹಾಕಿದರು. ಅವತ್ತಿನಿಂದ ಪೇಟೆಯವರ ಬಾಯಲ್ಲಿ ನಾವು ತೂತಿನ ಟ್ರಂಕಿನವರು. ಆ ಹೆಸರು ಅಳಿಸಲು ಅತ್ತೆಗೆ ಅರ್ಧ ಆಯುಷ್ಯ ಹಿಡಿಯಿತು.

ನಾವು ಯಂತ್ರವನ್ನು ಹಲಗೆಯ ಸಮೇತ ಒಯ್ದೆವು. ಅತ್ತೆ ಸುತ್ತ ತಿರುಗಿ ನೋಡಿದಳು.

"ಇದಕ್ಕ ಬಟ್ಟಿ ಹೊಲಿಯಾಕ ನಾನೇ ಬೇಕಾದ್ನೇನು?"

"ಅಳತಿ ನಾವು ಕೊಡ್ತೀವಿ ಅತ್ತಿ," ಎಂದ ದಸ್ತಗೀರ.

"ನೀ ಏನು ಕೊಡ್ತೀಯೋ. ಇಪ್ಪತ್ತು ವರ್ಷದ ಹುಡುಗ, ನಿನ್ನ ಅಂಗಿ ಗುಂಡಿನೇ ಮ್ಯಾಲ ಕೆಳಗ ಆಗ್ಯಾವು."

ತಗಡಿನ ಸುರುಳಿಯನ್ನು ನೆಲಕ್ಕೆ ಉರುಳಿಸಿ ಕಾಲಲ್ಲಿ ಮೆಟ್ಟಿ ನಿಂತಳು. ಮೊಳೆಯಿಂದ ಗೆರೆ ಎಳೆದಳು. ದಪ್ಪ ಕತ್ತರಿಯಿಂದ ಕತ್ತರಿಸಿ, ರೈಲು ಹಳಿಯ ತುಂಡಿನ ಮೇಲಿಟ್ಟು ಮರದ ಕೊಡತಿಯಿಂದ ಬಡಿದು ಅಂಚು ಮಡಿಸಿದಳು. ನಾವು ಹಿಡಿದುಕೊಂಡೆವು, ಬೆರಳು ಕೊಯ್ದುಕೊಂಡೆವು, ಬೈಸಿಕೊಂಡೆವು. ಬೋರ್ಡು ಕೂರುವ ಕಾಲುಗಳನ್ನು ದಸ್ತಗೀರ ಹಳೆಯ ಕೊಳವೆ ಕತ್ತರಿಸಿ ಮಾಡಿದ. ಮೂಲೆಗಳಿಗೆ ರಿವೆಟ್ಟು ಬಿತ್ತು. ಒಳ್ಳೆಯ ಡಬ್ಬಿ. ಈಗಲೂ ಹಾಗೆಯೇ ಹೇಳುತ್ತೇನೆ.

ಹಿಂಬದಿಗೆ ನಾನು ಮೊಳೆ ಹೊಡೆದು ಸಾಲಾಗಿ ತೂತು ಕೊರೆಯತೊಡಗಿದಾಗ ಅತ್ತೆ ಕೊಡತಿ ಕೆಳಗಿಟ್ಟಳು.

"ಏ ತಮ್ಮಾ, ಏನು ಮಾಡಾಕ ಹತ್ತೀಯೋ? ಇದು ಟ್ರಂಕೋ ಜರಡಿಯೋ?"

"ಬಿಸಿ ಆಗತೈತಿ ಅತ್ತಿ. ಗಾಳಿ ಆಡಬೇಕು."

"ಮತ್ತ ಫ್ಯಾನು ಒಳಗ ಐತೆಲ್ಲ?"

"ಫ್ಯಾನಿದ್ರೂ ಬೇಕು."

ಅವಳು ಏನೂ ಅನ್ನಲಿಲ್ಲ. ಅವಳು ಸುಮ್ಮನಾದರೆ ಒಪ್ಪಿದಳೆಂದಲ್ಲ ಎನ್ನುವುದು ನನಗೆ ಗೊತ್ತಿರಬೇಕಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಗಿಳಿ. "ಹೂವು ಗೀವು ಏನೂ ಬ್ಯಾಡ. ಬರೇ ಕರಿ ಬಣ್ಣ."

"ಕರೀದು ಯಾವ ಮಂಗಳಕಾರ್ಯಕ್ಕ ಒಯ್ತೀಯೋ?" ಎಂದಳು. ಆದರೂ ಕರಿ ಬಣ್ಣದ ಡಬ್ಬಿ ಕೆಳಗಿಳಿಸಿದಳು. ಯಂತ್ರವನ್ನು ಒಳಗೆ ಕೂರಿಸಿ, ಆ ಎರಡು ಪಿನ್ನುಗಳಿಂದ ವೈರೆಳೆದು ಹೊರಗೊಂದು ಗುಂಡಿ ಇಟ್ಟು, ವೈರುಗಳು ಹೊರಬರುವ ಸಂದಿಗೆ ರಬ್ಬರು ಬಿಗಿದು, ಒಮ್ಮೆ ಚಾಲೂ ಮಾಡಿ ನೋಡಿ, ಬಣ್ಣ ಬಳಿಯಲು ಅವಳಲ್ಲೇ ಬಿಟ್ಟು ಬಂದೆವು. ಪರೀಕ್ಷೆಯ ಬೆಳಿಗ್ಗೆ ತಾನೇ ತಂದುಕೊಡುತ್ತೇನೆ ಎಂದಳು.

ತಂದಳು. ಹೊಸ ಇಳಕಲ್ ಸೀರೆ ಉಟ್ಟು, ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಸೊಂಟದ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಕಾಲೇಜಿನ ಗೇಟು ದಾಟಿದಳು. ಬೇರೆ ಯಾರ ಮನೆಯವರೂ ಬಂದಿರಲಿಲ್ಲ. ಜವಾನ ತಡೆದ. "ಪೆಟಗಿ ನಂದು. ನಾ ನೋಡಬಾರ್ದೇನು?" ಎಂದು ಅವನನ್ನೇ ಪಕ್ಕಕ್ಕೆ ಸರಿಸಿದಳು. ನಾನು ಬೇಗ ಡಬ್ಬಿಯನ್ನು ಇಸಿದುಕೊಂಡೆ.

"ಮುಚ್ಚಳ ತಗದು ಮೊದಲ ಬಾಯಿ ಸಿಹಿ ಮಾಡ್ಕೋರಿ," ಎಂದಳು.

"ಪಾಸಾದ ಮ್ಯಾಲೆ ಅತ್ತಿ, ಪೇಡೆನೇ ತಿನ್ನೋಣು," ಎಂದ ದಸ್ತಗೀರ. ಅಷ್ಟರಲ್ಲಿ ಒಳಗಿಂದ ನಮ್ಮ ಹೆಸರು ಕೂಗಿದರು. ಅಂಗಡಿಯಲ್ಲೇ ಬೆಳೆದವ ನಾನು. ಆದರೂ ಕಂಪ್ಯೂಟರಿಗೆ ಅವಳು ಬೆಲ್ಲ ಇಟ್ಟಾಳೆಂದು ನನಗೆ ಹೊಳೆಯಲಿಲ್ಲ.

ಡಬ್ಬಿಯ ಬೆನ್ನು ಗೋಡೆಗಿತ್ತು. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಪರೀಕ್ಷಕರು ಬೆರಳಿಂದ ಮುಟ್ಟಿ, "ಚೆನ್ನಾಗಿದೆಯಲ್ರೀ," ಎಂದರು. ಹಾಲಿನ ಹಿಂಬದಿ ಗೋಡೆಗೆ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡಳು. ಪ್ರೋಗ್ರಾಮು ಓಡಿತು. ಯಂತ್ರ ಒಂದೊಂದೇ ಬಸ್ಸಿನ ವೇಳೆ ಹೇಳುತ್ತ ಹೋಯಿತು. ಪರೀಕ್ಷಕರು ಪ್ರಶ್ನೆ ಕೇಳಿದರು, ದಸ್ತಗೀರ ಉತ್ತರ ಕೊಟ್ಟ, ಮತ್ತೆ ಕೇಳಿದರು. ಹೊತ್ತು ಹೋಯಿತು. ಆಮೇಲೆ ಒಂದು ವಾಸನೆ ಬಂತು.

ಪರೀಕ್ಷಕರು ಮೂಗು ಅರಳಿಸಿದರು. "ಯಾರ್ರೀ ಅದು, ಪಾಕ ಕಾಯಿಸ್ತಿರೋದು?"

ಎಲ್ಲರೂ ನಕ್ಕರು. ಯಂತ್ರ "ಮುಂದಿನ ಬಸ್ಸು" ಎಂದಿತು, ಅಲ್ಲಿಗೇ ನಿಂತಿತು. ಒಳಗೆ ಚಟ್ ಎಂದಿತು. ಪರದೆ ಕಪ್ಪಾಯಿತು.

ಮುಚ್ಚಳ ತೆಗೆದಾಗ ಮುಖಕ್ಕೆ ಬಿಸಿ ಹೊಡೆಯಿತು. ಬೋರ್ಡಿನ ಮೇಲೆ ಕಂದು ಪಾಕ ಇಳಿದು, ಹಾರ್ಡ್ ಡಿಸ್ಕಿನ ಮೈಮೇಲೆಲ್ಲ ಹರಿದು, ಇನ್ನೂ ಗುಳ್ಳೆ ಏಳುತ್ತಿತ್ತು. ಡಬ್ಬಿಯನ್ನು ತಿರುಗಿಸಿದೆ. ನಾನು ಕೊರೆದ ಒಂದೊಂದು ತೂತಿನಲ್ಲೂ ಬೆಸುಗೆಯ ಹನಿ ಮುತ್ತಿನಂತೆ ಕೂತಿತ್ತು. ಮೇಲೆ ಅಂದವಾಗಿ ಬಣ್ಣ ಬಳಿದಿದ್ದಳು.

"ಇದನ್ನ ಮುಚ್ಚಿದ್ದು ಯಾರು?" ಪರೀಕ್ಷಕರು ಕೇಳಿದರು.

"ನಾನರೀ," ಹಿಂದಿನಿಂದ ಅತ್ತೆಯ ದನಿ. "ಬೆಲ್ಲ ಇಟ್ರ ಇರುವಿ ಹೊಕ್ಕಿದ್ವರೀ. ಆಮ್ಯಾಲ ಮುಚ್ಚಿ ಮತ್ತ ಇಟ್ಟು ನೋಡೀನಿ. ಒಂದೂ ಹೊಗಲಿಲ್ಲ."

ಈಗ ಹಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಬೆಂಚಿನಿಂದ ಯಾರೋ "ಗಿಳಿ, ಗಿಳಿ" ಎಂದರು. ನಾನು ಅವಳತ್ತ ತಿರುಗಿ ಹಲ್ಲು ಕಚ್ಚಿ ಅಂದೆ: "ಹೇಳಿದ್ನೆಲ್ಲ ನಿನಗ!"

"ಹೇಳಿದ್ದಿ," ಎಂದಳು. "ತೂತಿನ ಪೆಟಗಿ ಒಯ್ದು ನಾಕು ಮಂದ್ಯಾಗ ನನ್ನ ಹುಡುಗ ನಗಿಗೀಡ ಆಗಬಾರ್ದಂತ ಮುಚ್ಚಿದೆ."

ಆಮೇಲೆ ಸುತ್ತ ನೋಡಿದಳು. ನಗುವ ಬಾಯಿಗಳನ್ನು ಒಂದೊಂದಾಗಿ ನೋಡಿದಳು. ಹೊಸ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವಳು ತಲೆ ಮುಚ್ಚಿಕೊಂಡದ್ದನ್ನು ನಾನು ಮೊದಲು ಕಂಡಿರಲಿಲ್ಲ. ದಸ್ತಗೀರ ಅವಳನ್ನು ಹೊರಗೆ ಕರೆದೊಯ್ದು, ಜವಾನನ ಸ್ಟೂಲು ಎಳೆದು ಕೂರಿಸಿ, ನೀರು ಕೊಟ್ಟ. ಸಂಜೆ ತನ್ನ ಹಾಸಿಗೆ ಸುತ್ತಿ ಅಣ್ಣನ ಟೈರು ಅಂಗಡಿಗೆ ಹೊರಟ.

ಮರುದಿನ ಡಬ್ಬಿಯನ್ನು ಹಿಂದಕ್ಕೆ ಕೊಡಲು ಅಂಗಡಿಗೆ ಹೋದೆ. ಅತ್ತೆ ಅದನ್ನು ಇಸಿದುಕೊಂಡು, ಅಂಗಡಿಯ ಮೆಟ್ಟಿಲ ಮೇಲೆ, ಪೇಟೆಗೆಲ್ಲ ಕಾಣುವಂತೆ ಕೂತು, ಬೆಸುಗೆಯ ಹನಿಗಳನ್ನು ಮೊಳೆಯಿಂದ ಒಂದೊಂದಾಗಿ ಬಡಿದು ಬಿಚ್ಚಿದಳು. ಎದುರು ಪಾತ್ರೆ ಅಂಗಡಿಯ ಮುದಿಗೌಡ ಕೂಗಿದ: "ಏನವ್ವಾ ಸಂಕ್ರವ್ವ, ತೂತಿನ ಟ್ರಂಕು ಮತ್ತ ಸುರು ಮಾಡಿದೇನು?"

"ಹೌದೋ. ಮೊದಲ ಗಿರಾಕಿ ನೀನೇ ಬಾ," ಎಂದಳು. ದನಿಯಲ್ಲಿ ಹಳೆಯ ಜೋರಿರಲಿಲ್ಲ.

ಡಬ್ಬಿಯನ್ನು ಹಿತ್ತಲಿಗೆ ಒಯ್ದು ಗೂಡಿನ ಪಕ್ಕ ಇಟ್ಟಳು. ತಳಕ್ಕೆ ಅಂಟಿದ್ದ ಪಾಕವನ್ನು ಒರೆಸಿರಲಿಲ್ಲ. ಇರುವೆಗಳು ಬಂದವು. ಒಂದು ತೂತಿನಿಂದ ಒಳಗೆ, ಇನ್ನೊಂದರಿಂದ ಹೊರಗೆ, ಸಾಲುಗಟ್ಟಿ. ನಾವಿಬ್ಬರೂ ನಿಂತು ನೋಡಿದೆವು. ಅವಳು ಊದಲಿಲ್ಲ, ನಾನೂ ಊದಲಿಲ್ಲ. ಆ ನಂತರ ಅತ್ತೆ ಯಾವ ಟ್ರಂಕಿಗೂ ಬೆಲ್ಲ ಇಡಲಿಲ್ಲ.

ಹೋದದ್ದು ಇಷ್ಟು: ಒಂದು ಮದರ್‌ಬೋರ್ಡು, ಒಂದು ಹಾರ್ಡ್ ಡಿಸ್ಕು, ನನ್ನದೊಂದು ವರ್ಷ, ದಸ್ತಗೀರನ ಓದು, ಒಂದು ಉಂಡೆ ಬೆಲ್ಲ.